ಮೀಸೆ ಬಂದವನ ಹಾಲುಹಲ್ಲು

"ಸಾರ್, ಒಂಚೂರು ಸಗಣಿ ಕೊಡಿಸ್ರೀ."

ಲಾಕಪ್ಪಿನ ಕಂಬಿಗಳ ಹಿಂದಿನಿಂದ ಬಂದ ಧ್ವನಿ ಗಡಸಾಗಿತ್ತು. ಎಲೆಯಡಿಕೆಯನ್ನು ಇನ್ನೇನು ಬಾಯಿಗಿಡಬೇಕೆಂದಿದ್ದ ಹೆಡ್ ಕಾನ್‌ಸ್ಟೇಬಲ್ ಕರಿಯಣ್ಣ ಅದನ್ನು ಕೈಯಲ್ಲೇ ಹಿಡಿದು ತಿರುಗಿದ.

"ಏನಂದೆ?"

"ಸಗಣಿ ಸಾರ್. ಹಸೀದು. ಒಂದು ಉಂಡೆ ಆಗೋವಷ್ಟು ಸಾಕು."

"ಲೇ, ಕೊಲೆ ಕೇಸಲ್ಲಿ ಒಳಗೆ ಕೂತಿದೀಯ ಕಣೋ. ಕಾಫಿ ಕೇಳು, ಬೀಡಿ ಕೇಳು, ಅರ್ಥ ಆಗ್ತದೆ. ಬೆಳಗ್ಗೆ ಎದ್ದು ಸಗಣಿ ಕೇಳ್ತೀಯಲ್ಲ, ಠಾಣೆ ಸಾರಿಸ್ತೀಯೇನೋ?"

ಮೇಜಿಗೆ ಮೊಣಕೈ ಊರಿ ಕಣ್ಣು ಮುಚ್ಚಿಕೊಂಡಿದ್ದ ಸಬ್ ಇನ್ಸ್‌ಪೆಕ್ಟರ್ ಲಕ್ಕಣ್ಣ ಕಣ್ಣು ತೆರೆಯಲಿಲ್ಲ. ಅಜ್ಜಂಪುರದ ಎಣ್ಣೆ ಗಿರಣಿಯ ಮಾಲೀಕ ಷಣ್ಮುಖಪ್ಪ ತನ್ನ ಗಿರಣಿಯ ಅಂಗಳದಲ್ಲೇ ತಲೆ ಒಡೆದು ಸತ್ತು ಬಿದ್ದಿದ್ದು ಸೋಮವಾರ ಮಟಮಟ ಮಧ್ಯಾಹ್ನ. ಅದೇ ಹೊತ್ತಿಗೆ ಗೋಡೆ ಹಾರಿ ಓಡಿದ ಮೀಸೆಯ ಹುಡುಗ ಅಲ್ಲೇ ಮೂಟೆ ಹೊರುವ ಕೆಂಚ. ಹಿಡಿದು ತಂದಾಗಿನಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಬಿಟ್ಟ ಮೊದಲ ಮಾತೇ ಸಗಣಿ!

ಲಕ್ಕಣ್ಣನಿಗೆ ನಗು ಬರಲಿಲ್ಲ. ಸರಿಯಾಗಿ ನಿದ್ದೆ ಮಾಡದೆ ವಾರವಾಗುತ್ತ ಬಂದಿತ್ತು. ನಾಳೆ ಪೊಲೀಸ್ ಕಸ್ಟಡಿ ಮುಗಿದು ಹುಡುಗನನ್ನು ಕೋರ್ಟಿಗೆ ಒಪ್ಪಿಸಿ ದೊಡ್ಡ ಜೈಲಿಗೆ ಸಾಗಹಾಕಿಬಿಟ್ಟರೆ ಒಂದು ಕರ್ಮ ಕಳೆಯಿತು, ಮನೆಗೆ ಹೋಗಿ ಕಾಲು ಚಾಚಬಹುದು ಎಂದು ಅವನು ಕಾಯುತ್ತಿದ್ದ.

"ಯಾಕೋ ಸಗಣಿ?" ಎಂದ ಕೂತಲ್ಲಿಂದಲೇ.

ಕೆಂಚ ಮುಚ್ಚಿದ ಮುಷ್ಟಿಯನ್ನು ಕಂಬಿಯಿಂದ ಹೊರಗೆ ಚಾಚಿ ಬಿಡಿಸಿದ. ಗಂಡಾಳಿನ ಅಗಲವಾದ, ಜಡ್ಡುಗಟ್ಟಿದ ಅಂಗೈ. ಅದರ ನಡುವೆ ಒಂದು ಹಲ್ಲು.

ಲಕ್ಕಣ್ಣನ ತೂಕಡಿಕೆ ಹಾರಿಹೋಯಿತು. ಎದ್ದು ಬಂದ. "ಕರಿಯಣ್ಣ, ಇವನ ಮೇಲೆ ಕೈ ಮಾಡಿದೆಯಾ?"

"ದೇವರಾಣೆ ಇಲ್ಲ ಸಾರ್! ನಿಮ್ಮ ಹುಕುಂ ಮೀರಿ ನಾನು ಒಂದು ಮಾತು ಜೋರಾಗಿ ಆಡಿಲ್ಲ."

"ಯಾರೂ ಹೊಡೀಲಿಲ್ಲ ಸಾರ್," ಎಂದ ಕೆಂಚ. "ಅದೇ ಅಲ್ಲಾಡ್ತಾ ಇತ್ತು. ನಾಲಿಗೇಲಿ ತಳ್ಳಿದೆ, ಬಿದ್ದೋಯ್ತು. ಅವ್ವ ಇಲ್ಲಿದ್ದಿದ್ರೆ ಸಗಣೀಲಿ ಇಟ್ಟು ಕೊಡೋಳು. ಸೂರಿನ ಮೇಲೆ ಎಸೀದಿದ್ರೆ ಹೊಸ ಹಲ್ಲು ಬರಲ್ವಂತೆ."

ಲಕ್ಕಣ್ಣ ಹಲ್ಲನ್ನು ಬೆರಳ ತುದಿಯಲ್ಲಿ ಎತ್ತಿಕೊಂಡ. ಪುಟ್ಟ ಹಲ್ಲು. ಬುಡದಲ್ಲಿ ಬೇರೇ ಇರಲಿಲ್ಲ, ಸವೆದು ಟೊಳ್ಳಾಗಿತ್ತು. ಇಂಥದೇ ಒಂದನ್ನು ಅವನು ಹೋದ ತಿಂಗಳಷ್ಟೇ ತನ್ನ ಕಿರಿ ಮಗಳಿಗಾಗಿ ಕ್ವಾರ್ಟರ್ಸಿನ ಹಂಚಿನ ಮೇಲೆ ಎಸೆದಿದ್ದ. ಅವಳಿಗೆ ಎಂಟು ವರ್ಷ.

"ಬಾಯಿ ತೆಗಿ."

ಕೆಂಚ ಬಾಯಿ ತೆರೆದ. ಮೇಲೆ ದಟ್ಟವಲ್ಲದಿದ್ದರೂ ಮೀಸೆ ಅನ್ನಿಸಿಕೊಳ್ಳುವಂಥ ಮೀಸೆ. ಅದರ ಕೆಳಗೆ ಅಂಚು ಗರಗಸದಂತಿದ್ದ, ಹೊಸದಾಗಿ ಬಂದ ಎರಡು ಮುಂದಿನ ಹಲ್ಲು. ಅವುಗಳ ಆಚೀಚೆ ಮಕ್ಕಳ ಬಾಯಲ್ಲಿರುವ ಸಣ್ಣ ಸಣ್ಣ ಹಲ್ಲುಗಳೇ.

ಮೇಜಿನ ಮೇಲೆ ಡಾಕ್ಟರ ಸರ್ಟಿಫಿಕೇಟಿತ್ತು. ಮುಂಗೈ ಎಕ್ಸ್‌ರೇ ನೋಡಿ ಕೊಟ್ಟದ್ದು: ವಯಸ್ಸು ಹದಿನೆಂಟಕ್ಕೆ ಕಡಿಮೆ ಇಲ್ಲ.

"ಕರಿಯಣ್ಣ, ಸಗಣಿ ತಗೊಂಡು ಬಾ."

"ಸಾರ್?"

"ತಗೊಂಡು ಬಾ ಮಾರಾಯ. ಹೊರಗೆ ಗಾಡಿ ನಿಂತಿದೆ, ಎತ್ತಿದಾವೆ. ಇದಕ್ಕೂ ಮೇಲಿನವರ ಪರ್ಮಿಷನ್ ಬೇಕೇನು?"

ಠಾಣೆಯ ಹಿತ್ತಿಲಿಗೆ ಕರೆತಂದು ಬೇಡಿ ಬಿಚ್ಚಿದಾಗ ಕೊಲೆ ಆರೋಪಿ ಓಡಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಹಲ್ಲನ್ನು ಸಗಣಿಯೊಳಗಿಟ್ಟು, ನಾಲಿಗೆ ಕಚ್ಚಿಕೊಂಡು ಉಂಡೆ ಕಟ್ಟಿದ. ಎದ್ದು ನಿಂತು, "ಹಳೇ ಹಲ್ಲು ತಗೋ, ಹೊಸ ಹಲ್ಲು ಕೊಡು" ಎಂದು ಆ ಗಂಡುಗೊರಳಿನಲ್ಲಿ ಕೂಗಿ ಎಸೆದ. ಉಂಡೆ ಹಂಚಿಗೆ ಅಂಟಿಕೊಂಡಿತು. ಕೆಂಚ ಚಪ್ಪಾಳೆ ತಟ್ಟಿದ.

ಕರಿಯಣ್ಣ ಮುಖ ಬೇರೆ ಕಡೆ ತಿರುಗಿಸಿಕೊಂಡ.

"ಬಾ, ಕೂತ್ಕೋ," ಎಂದ ಲಕ್ಕಣ್ಣ ಮೆಟ್ಟಿಲ ಮೇಲೆ ಕೂರುತ್ತ. ಈ ಸಲ ಮಗುವನ್ನು ಕೇಳುವ ಹಾಗೆ ಕೇಳಿದ. "ಅವತ್ತು ಗಿರಣೀಲಿ ಏನ್ ಮಾಡ್ತಿದ್ದೆ?"

"ಕಣ್ಣಾಮುಚ್ಚಾಲೆ. ಸಾವ್ಕಾರ್ರ ಮೊಮ್ಮಗನ ಜೊತೆ. ಅವನು ಎಣಿಸ್ತಿದ್ದ. ನಾನು ಕಡ್ಲೆಕಾಯಿ ಸಿಪ್ಪೆ ಗುಡ್ಡೇಲಿ ಹೂತ್ಕೊಂಡಿದ್ದೆ."

"ಅಲ್ಲಿಂದ ಏನು ಕಾಣಿಸ್ತು?"

ಕೆಂಚನ ಮುಖ ಮುಚ್ಚಿಕೊಂಡುಬಿಟ್ಟಿತು. "ಹೇಳ್ಬಾರ್ದು. ಆಣೆ ಇಟ್ಟಿದೀನಿ."

"ಯಾರ ಮೇಲೆ?"

"ಅವ್ವನ ಮೇಲೆ. ಹೇಳಿದ್ರೆ ಅವ್ವ ರಕ್ತ ಕಾರ್ಕೊಂಡು ಸತ್ತೋಗ್ತಾಳೆ."

"ಆಣೆ ಇಡಿಸಿದ್ದು ಯಾರಪ್ಪಾ?"

"ಅದನ್ನ ಹೇಳಿದ್ರೂ ಆಣೆ ಮುರಿದಂಗೇ ಅಲ್ವಾ ಸಾರ್?"

ಲಕ್ಕಣ್ಣ ಇಷ್ಟು ದಿನ ಪಳಗಿದ ಕಳ್ಳನ ಹಟ ಎಂದುಕೊಂಡದ್ದು ತಾಯಿ ಸತ್ತುಹೋಗುತ್ತಾಳೆ ಎಂಬ ಮಗುವಿನ ಹೆದರಿಕೆಯಾಗಿತ್ತು. ಇವನನ್ನು ನಾಳೆ ರೌಡಿಗಳ ನಡುವೆ ಬಿಟ್ಟು ಬರಬೇಕು. ಸರ್ಟಿಫಿಕೇಟು ಹಾಗೆ ಹೇಳುತ್ತದೆ, ಹೆತ್ತ ತಾಯಿಯೂ ಹಾಗೇ ಹೇಳಿಕೆ ಕೊಟ್ಟಿದ್ದಾಳೆ.

ಎಕ್ಸ್‌ರೇ ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಕಡೂರಿನ ರೈಲು ಹತ್ತಿದ.

* * *

ರೈಲಿನಲ್ಲಿ ಕೂತು ಯೋಚಿಸಿದರೆ ತಲೆ ಇನ್ನಷ್ಟು ಭಾರವಾಯಿತು. ಷಣ್ಮುಖಪ್ಪನ ಸಾವಿನಿಂದ ಲಾಭವಾಗುವುದು ಗಿರಣಿಯ ಪಾಲುದಾರ ಬಸವರಾಜಪ್ಪನಿಗೆ. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಆದರೆ ಸೋಮವಾರ ಅವನು ಕಡೂರಿನ ಮಂಡಿಯಲ್ಲಿ ಕೊಬ್ಬರಿ ಹರಾಜು ಕೂಗುತ್ತಿದ್ದುದನ್ನು ಊರೇ ನೋಡಿದೆ. ಅಲ್ಲದೆ ಬಸವರಾಜಪ್ಪ ಕಂಡರೆ ಕೂಲಿಯವರ ಮಕ್ಕಳು ದೂರ ಓಡುತ್ತವೆ. ಅವನು ಆಣೆ ಇಡಿಸಿದರೆ ಯಾವ ಮಗು ಅದನ್ನು ಹೀಗೆ ಕಾಪಾಡಿಕೊಳ್ಳುತ್ತದೆ? ಇಡಿಸಿದವನು ಕೆಂಚ ನಂಬುವ ಮನುಷ್ಯ. ಇವನಿಗಿರುವುದು ಮಗುವಿನ ಬುದ್ಧಿ ಎಂಬುದು ಆ ಮನುಷ್ಯನಿಗೆ ಮೊದಲೇ ಗೊತ್ತು.

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಡಾಕ್ಟರ್ ಪ್ರೇಮಮ್ಮನ ಕ್ಲಿನಿಕ್ಕು. ಬಹಳ ವರ್ಷ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ದುಡಿದು, ಈಗ ಸ್ವಂತ ಊರಿಗೆ ಬಂದು ಕೂತ ಹೆಂಗಸು. ಲಕ್ಕಣ್ಣ ಒಳಗೆ ಹೋದಾಗ ಆಕೆ ತಕ್ಕಡಿಯ ತೊಟ್ಟಿಲಲ್ಲಿ ಅರಚುತ್ತಿದ್ದ ಕೂಸೊಂದನ್ನು ತೂಗುತ್ತಿದ್ದಳು.

"ನಿಮ್ಮ ಮುಖ ನೋಡಿದ್ರೆ ನಿಮ್ಮನ್ನೇ ಮೊದಲು ಮಲಗಿಸಬೇಕು ಅನ್ಸುತ್ತೆ ಇನ್ಸ್‌ಪೆಕ್ಟ್ರೇ. ಏನ್ ತಂದಿದೀರಿ?"

ಆಕೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ವಯಸ್ಸು ಎಷ್ಟು ಅಂತ ಬರೆದಿದಾರೆ?"

"ಹದಿನೆಂಟು."

"ಕೈ ಒಂದನ್ನೇ ನೋಡಿದ್ರೂ ನಾನು ಹದಿನೆಂಟು ಅಂತ ಬರೀತಿರಲಿಲ್ಲ. ಇಲ್ಲಿ ನೋಡಿ, ಮುಂಗೈ ಮೂಳೆ ತುದೀಲಿ ಕಪ್ಪು ಗೆರೆ. ಇನ್ನೂ ಕೂಡಿಕೊಂಡಿಲ್ಲ. ಹದಿನಾಲ್ಕೋ ಹದಿನೈದೋ ಅನ್ನಬಹುದು. ಹದಿನೆಂಟು ಅಂತ ಬರೆದೋರು ಯಾಕೆ ಅಷ್ಟು ಎಳೆದರೋ."

ಲಕ್ಕಣ್ಣ ಹಲ್ಲಿನ ವಿಷಯ ಹೇಳಿದ. ಪ್ರೇಮಮ್ಮ ತಟ್ಟನೆ ತಿರುಗಿದಳು.

"ಎಲ್ಲಿ ಹಲ್ಲು?"

"ಠಾಣೆ ಹಂಚಿನ ಮೇಲೆ."

"ಸಾಕ್ಷೀನ ಸೂರಿಗೆ ಎಸೆದುಬಿಟ್ರಾ!" ಎಂದು ನಕ್ಕಳು. ನಗು ಬೇಗ ನಿಂತುಹೋಯಿತು. "ಧ್ವನಿ ಒಡೆದಿದೆಯಾ? ಮೈ ಕಟ್ಟುಮಸ್ತಾಗಿದೆಯಾ? ಓರಗೆಯವರಿಗಿಂತ ಉದ್ದ?"

"ಮೂಟೆ ಹೊರ್ತಾನಮ್ಮ."

ಆಕೆ ಕುರ್ಚಿಯಲ್ಲಿ ಕುಸಿದು ಕೂತಳು. "ಮೂತ್ರಪಿಂಡದ ಮೇಲೆ ಒಂದು ಗ್ರಂಥಿ ಇದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಅದು ದಾರಿ ತಪ್ಪಿರುತ್ತೆ. ಬೇಕಾದ ಹಾರ್ಮೋನು ತಯಾರಾಗಲ್ಲ, ಗಂಡಸುತನ ತರೋ ಹಾರ್ಮೋನು ಸುರೀತಾ ಹೋಗುತ್ತೆ. ನಾಲ್ಕೈದು ವರ್ಷಕ್ಕೇ ಮೀಸೆ, ಗಡಸು ಗಂಟಲು. ಮೂಳೆ ಓಡುತ್ತೆ ಲಕ್ಕಣ್ಣನೋರೇ. ಹಲ್ಲು ಅಷ್ಟು ಓಡಲ್ಲ. ಬುದ್ಧಿ ಓಡೋದೇ ಇಲ್ಲ. ನಿಮ್ಮ ಕೈದಿಗೆ ಎಂಟೋ ಒಂಬತ್ತೋ ಇರಬೇಕು. ಮಗೂನ ಕಣ್ಣಾರೆ ನೋಡದೆ, ಮೂತ್ರ ಪರೀಕ್ಷೆಗೆ ಕಳಿಸದೆ ಖಚಿತವಾಗಿ ಹೇಳೋಕಾಗಲ್ಲ. ಆದರೆ ನನ್ನ ಮನಸ್ಸು ಹಾಗೇ ಹೇಳುತ್ತೆ."

"ಬೆಳೆದು ದೊಡ್ಡೋನಾದ ಮೇಲೆ ಸರಿಹೋಗುತ್ತಾ?"

"ಈಗ ಎಲ್ಲರಿಗಿಂತ ಎತ್ತರ. ಮೂಳೆ ಬೇಗ ಕೂಡಿಬಿಡುತ್ತೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತೆ. ಕೊನೆಗೆ ಎಲ್ಲರಿಗಿಂತ ಗಿಡ್ಡನಾಗಿ ಉಳೀತಾನೆ. ನನ್ನ ಹತ್ರ ಇಂಥ ಮಕ್ಕಳನ್ನ ತರೋದು ಹಾಗೆ ಬೆಳವಣಿಗೆ ನಿಂತ ಮೇಲೇ. ಹೇಳಿ ಹೇಳಿ ನನಗೂ ಸಾಕಾಗಿದೆ." ಆಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಅದಿರಲಿ. ಯಾವುದಾದರೂ ಮಾತ್ರೆ ತಗೊಳ್ತಿದ್ದನಾ? ಕಾರ್ಟಿಸೋನ್ ಜಾತಿಯ ಮಾತ್ರೆ ನುಂಗ್ತಿದ್ದ ಮಗುವಿಗೆ ಅದನ್ನ ಒಂದೇ ಸಲ ನಿಲ್ಲಿಸಬಾರದು. ನಿಲ್ಲಿಸಿದ್ರೆ ಊಟ ಬಿಡ್ತಾನೆ, ವಾಂತಿ, ನಿತ್ರಾಣ, ಆಮೇಲೆ ಪ್ರಾಣಕ್ಕೇ ಬರುತ್ತೆ."

"ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ," ಎಂದ ಲಕ್ಕಣ್ಣ. "ಬರೀ ಉಪ್ಪಿನಕಾಯಿ ನೆಕ್ಕಿ ತಟ್ಟೆ ಬಿಟ್ಟ."

ಪ್ರೇಮಮ್ಮ ಕೊಡಬೇಕಾದ ಔಷಧಿಗಳ ಹೆಸರು ಚೀಟಿಯಲ್ಲಿ ಬರೆದುಕೊಟ್ಟಳು. ಫೋನನ್ನು ಅವನ ಕಡೆಗೆ ತಳ್ಳಿದಳು.

ಎಕ್ಸ್‌ಚೇಂಜಿನವಳು ಅಜ್ಜಂಪುರದ ಲೈನು ಕೊಟ್ಟಳು. ಕರಿಯಣ್ಣನ ಧ್ವನಿ ದೂರದಲ್ಲಿ ಕೇಳಿಸಿತು.

"ಸಾರ್, ನೀವು ಹೋದ ಮೇಲೆ ಎರಡು ಸಲ ವಾಂತಿ ಮಾಡ್ಕಂಡ. ಈಗ ಮಲ್ಗವ್ನೆ. ಕೂಗಿದ್ರೆ ಹೂಂ ಅಂತಾನೆ, ಏಳಲ್ಲ."

"ಜೀಪಿಗೆ ಹಾಕ್ಕೊಂಡು ತರೀಕೆರೆಗೆ ಓಡು. ಈರಭದ್ರಪ್ಪನೋರ ನರ್ಸಿಂಗ್ ಹೋಮಿಗೇ ಹೋಗು. ಎಕ್ಸ್‌ರೇ ತೆಗೆದೋರು ಅವರೇ, ಹುಡುಗನ ಗುರುತಿದೆ, ಹೊಸದಾಗಿ ಯಾರಿಗೂ ಕತೆ ಹೇಳೋದು ಬೇಡ. ಉಪ್ಪಿನ ಗ್ಲೂಕೋಸು, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ನು. ಹೆಸರು ಬಾಯಿಪಾಠ ಮಾಡ್ಕೋ. ಅದನ್ನೇ ಕೊಡಬೇಕಂತೆ ಅಂತ ಹೇಳು."

ರಿಸೀವರ್ ಇಟ್ಟಾಗ ಅವನಿಗೆ ಒಂದು ಭಾರ ಇಳಿದಂತಾಯಿತು. ಕಾದಿದ್ದ ಮಕ್ಕಳನ್ನು ನೋಡಿ ಮುಗಿಸಿ ತಾನೂ ತರೀಕೆರೆಗೆ ಬರುತ್ತೇನೆಂದು ಪ್ರೇಮಮ್ಮ ಹೇಳಿದಳು. ತಾಯಿಯ ಹೇಳಿಕೆ ತಿದ್ದಿಸಿಕೊಂಡರೆ ನಾಳೆ ಕೋರ್ಟಿನಲ್ಲಿ ಮಕ್ಕಳ ಕಾಯಿದೆ ಎತ್ತಿ ಮಾತಾಡಬಹುದು ಎಂದುಕೊಂಡು ಲಕ್ಕಣ್ಣ ಅಜ್ಜಂಪುರದ ಬಸ್ಸು ಹಿಡಿದ. ಸೀಟು ಸಿಕ್ಕಿತು. ಬೀರೂರು ದಾಟುವ ಮೊದಲೇ ನಿದ್ದೆ ಹೋದ.

* * *

ಕೆಂಚನ ತಾಯಿ ದುರ್ಗಮ್ಮ ಠಾಣೆಯ ಜಗಲಿಯ ಅಂಚಿನಲ್ಲಿ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಮಗನಿಗೆ ತಂದ ಊಟ. ಲಕ್ಕಣ್ಣನನ್ನು ಕಂಡು ದಡಬಡನೆ ಎದ್ದಳು.

"ಬುದ್ದೀ, ಒಳಗೆ ಅವ್ನೇ ಇಲ್ಲ! ನನ್ ಮಗನ್ನ ಎಲ್ಲಿಗೆ ಕಳ್ಸಿದ್ರಿ?"

"ಹುಷಾರಿರಲಿಲ್ಲ, ಆಸ್ಪತ್ರೆಗೆ ಹೋಗಿದಾನೆ. ಕೂತ್ಕೋ. ನಿನ್ ಮಗನಿಗೆ ಎಷ್ಟು ವರ್ಷ?"

"ಹದ್ನೆಂಟು." ಕೇಳುವುದಕ್ಕೇ ಕಾದಿದ್ದವಳ ಹಾಗೆ ಹೇಳಿದಳು.

"ಯಾವ ವರ್ಷ ಹುಟ್ಟಿದ್ದು?"

"ನಾನೇನ್ ಓದ್ದೋಳಾ ಬುದ್ದೀ? ಹದ್ನೆಂಟು ಅಷ್ಟೇಯ."

ಲಕ್ಕಣ್ಣ ಬೇಸತ್ತವನಂತೆ ಅವಳ ಎದುರಿಗೇ ನೆಲದ ಮೇಲೆ ಕೂತುಬಿಟ್ಟ. ದುರ್ಗಮ್ಮ ಗಾಬರಿಯಾಗಿ ಹಿಂದೆ ಸರಿದಳು.

"ಬೆಳಗ್ಗೆ ಅವನ ಹಲ್ಲು ಬಿತ್ತು ದುರ್ಗಮ್ಮ. ಸಗಣಿ ಬೇಕು ಅಂತ ಹಟ ಹಿಡಿದ. ನಾನೇ ಕೊಡಿಸಿದೆ. ಅಗೋ, ಅಲ್ಲಿ ಹಂಚಿನ ಮೇಲಿದೆ ನೋಡು."

ಅವಳು ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನನಗೂ ಮಕ್ಕಳಿದಾವೆ. ಕೂಲಿ ಮಾಡೋ ತಾಯಿ ಹೊಟ್ಟೇಲೇ ನಾನೂ ಹುಟ್ಟಿದ್ದು. ನಾಳೆ ಅವನನ್ನ ದೊಡ್ಡೋರ ಜೈಲಿಗೆ ಹಾಕ್ತಾರೆ. ಅಲ್ಲಿರೋರು ಎಂಥೋರು ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಈಗಲಾದ್ರೂ ನಿಜ ಹೇಳು."

"ಬರೋ ಉಗಾದಿಗೆ ಒಂಬತ್ತು ತುಂಬ್ತದೆ ಅಣ್ಣಾ," ಎಂದು ದುರ್ಗಮ್ಮ ಬಿಕ್ಕಿದಳು. "ನಮ್ಮೂರ ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷದ್ದು."

ಆಮೇಲೆ ತಡೆಯಲಾಗಲಿಲ್ಲ. ಹಿರೇನಲ್ಲೂರಿನ ಕಡೆಯ ಹಳ್ಳಿಯಲ್ಲಿ, ಇನ್ನೂ ನೆಟ್ಟಗೆ ಚಡ್ಡಿ ಕಟ್ಟಿಕೊಳ್ಳಲು ಬಾರದ ಮಗನಿಗೆ ಮೀಸೆ ಬಂದಾಗ ಜನ ಗುಂಪುಕಟ್ಟಿ ನೋಡಲು ಬಂದರು. ಗಾಳಿ ಮೆಟ್ಟಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಗಂಡ, ಇದು ನನ್ನದಲ್ಲ ಎಂದು ಎದ್ದು ಹೋದ. ಅವಳು ಕೂಸನ್ನು ಕಟ್ಟಿಕೊಂಡು ಯಾರೂ ಗುರುತಿಲ್ಲದ ಅಜ್ಜಂಪುರಕ್ಕೆ ಬಂದಳು.

"ಇಲ್ಲಿ ಎಲ್ರೂ ದೊಡ್ಡೋನು ಅಂದ್ಕಂಡ್ರು. ನಾನೂ ಹೂಂ ಅಂದ್ಬಿಟ್ಟೆ. ದೊಡ್ಡೋನಾದ್ರೆ ಯಾರೂ ನೋಡಿ ನಗಲ್ಲ ನೋಡಣ್ಣಾ. ಗಂಡಾಳಿನ ಕೂಲೀನೂ ಕೊಟ್ರು. ಹಗಲೆಲ್ಲಾ ಮೂಟೆ ಹೊತ್ತು ಬಂದು ರಾತ್ರಿ ನನ್ ಸೆರಗು ಹಿಡ್ಕಂಡೇ ಮಲಗ್ತಾನೆ. ಕಂಡೋರ ಮಕ್ಳು ಸ್ಲೇಟು ಹಿಡ್ಕಂಡು ಹೋಗೋದ ನೋಡಿ ನನ್ ಹೊಟ್ಟೆ ಉರೀತಿತ್ತು."

"ಸರಿ, ಊರಿಗೆ ಸುಳ್ಳು ಹೇಳಿದೆ. ಪೊಲೀಸರಿಗೆ ಯಾಕೆ ಹೇಳಿದೆ? ಮಗು ಅಂದಿದ್ರೆ ಅವತ್ತೇ ಬಚಾವಾಗ್ತಿದ್ದನಲ್ಲ!"

"ಹಂಗಲ್ವಂತಲ್ಲ. ಮಗು ಅಂದ್ರೆ, ಮಗೂನ ದುಡಿಯಕ್ಕೆ ಹಾಕಿದ್ದಕ್ಕೆ ನನ್ನ ಜೈಲಿಗೆ ಹಾಕ್ತಾರಂತೆ. ಅವನ್ನ ಬಾಲಮಂದಿರಕ್ಕೆ ಸೇರಿಸಿ ಮತ್ತೆ ಮುಖಾನೇ ತೋರ್ಸಲ್ವಂತೆ. ಹದ್ನೆಂಟು ಅಂತ್ಲೇ ಹೇಳು, ನಾನೇ ಜಾಮೀನು ಕೊಟ್ಟು ಬಿಡಿಸ್ಕಂಡು ಬತ್ತೀನಿ ಅಂದ್ರು."

ಲಕ್ಕಣ್ಣ ನೆಟ್ಟಗೆ ಕೂತ. "ಯಾರಂದ್ರು?"

"ಅವನಿಗೆ ಮಾತ್ರೆ ಕೊಡೋ ಡಾಕ್ಟ್ರು. ಎರಡು ವರ್ಷದಿಂದ ಒಂದು ಕಾಸು ಈಸ್ಕಂಡಿಲ್ಲ ದೇವ್ರಂಥೋರು. ಬಿಳೀ ಮಾತ್ರೆ, ದಿನಾ ತಪ್ಪಿಸ್ಬಾರ್ದು ಅಂತಿದ್ರು. ಇವನೂ ಅವರಂದ್ರೆ ಪ್ರಾಣ ಬಿಡ್ತಾನೆ. ಇವನ್ನ ಹಿಡ್ಕಂಡು ಬಂದ ದಿನ ಓಡೋಗಿ ಕಾಲು ಹಿಡ್ದೆ. ಸಮಾಧಾನ ಮಾಡಿದ್ರು. ಮಾತ್ರೆ ಸ್ಟೇಷನ್ನಿಗೆ ಕೊಡ್ಲಾ ಅಂದ್ರೆ, ಇನ್ನು ಬೇಡ, ನಿಲ್ಸಿಬಿಡು, ಎಲ್ಲಾ ವಾಸಿಯಾಗಿದೆ ಅಂದ್ರು."

"ಯಾವ ಡಾಕ್ಟರಮ್ಮ? ಹೆಸರು ಹೇಳು!"

"ತರೀಕೆರೆ ಈರಭದ್ರಪ್ಪನೋರು ಕಣಣ್ಣಾ."

ಲಕ್ಕಣ್ಣನ ಕಣ್ಣಿಗೆ ಆ ಎಕ್ಸ್‌ರೇ ಕೋಣೆ ಕಟ್ಟಿತು. ಮಂಗಳವಾರ ಕೆಂಚನನ್ನು ಕರೆದೊಯ್ದಾಗ ಡಾಕ್ಟರು ಮುಗುಳ್ನಕ್ಕು, "ಏನಪ್ಪಾ ನಿನ್ನ ಹೆಸರು?" ಎಂದು ಕೇಳಿದ್ದರು. ಎರಡು ವರ್ಷ ತಮ್ಮ ಕೈಯಾರೆ ಮಾತ್ರೆ ಕೊಟ್ಟ ಹುಡುಗನನ್ನು! ಕೆಂಚ ನಂಬಿದ, ಆಣೆ ಇಡಿಸಿದ ಮನುಷ್ಯ ಇವರೇ. ಕೆಂಚ ತಲೆ ಎತ್ತದೆ ನೆಲ ನೋಡುತ್ತಿದ್ದ. ತಾನು ಪಕ್ಕದಲ್ಲೇ ನಿಂತು, ಈ ಸರ್ಟಿಫಿಕೇಟೊಂದು ಬೇಗ ಸಿಕ್ಕರೆ ಸಾಕು ಎಂದು ಆಕಳಿಸುತ್ತಿದ್ದ. ಈಗ ಅದೇ ಹುಡುಗನನ್ನು ಅದೇ ಬಾಗಿಲಿಗೆ ತಾನೇ ಕಳಿಸಿದ್ದಾನೆ, ಹೊಸದಾಗಿ ಕತೆ ಹೇಳುವ ಶ್ರಮ ತಪ್ಪುತ್ತದೆಂದು. ತನ್ನ ಮೇಲೆ ಅವನಿಗೆ ಅಸಹ್ಯವಾಯಿತು.

ಒಳಗೆ ನುಗ್ಗಿ ಫೋನೆತ್ತಿದ. ದುರ್ಗಮ್ಮ ಗಂಟನ್ನು ಎದೆಗವಚಿಕೊಂಡು ಹಿಂದೆಯೇ ಬಂದಳು.

ಆ ಕಡೆ ರಿಂಗಾಯಿತು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೆ ಎತ್ತಿದವರು ಡಾಕ್ಟರೇ.

"ಓ, ಲಕ್ಕಣ್ಣನೋರಾ? ನೀವೇ ಮಾಡ್ತೀರಿ ಅಂತ ಗೊತ್ತಿತ್ತು."

"ಕರಿಯಣ್ಣನ್ನ ಕರೀರಿ ಡಾಕ್ಟ್ರೇ."

"ಒಂದು ಔಷಧಿ ಇಲ್ಲಿ ಸಿಗಲಿಲ್ಲ. ಶಿವಮೊಗ್ಗಕ್ಕೆ ಕಳ್ಸಿದೀನಿ, ನಿಮ್ಮ ಜೀಪಲ್ಲೇ ಹೋದ."

"ಹುಡುಗ ಹೇಗಿದಾನೆ? ಆ ಇಂಜೆಕ್ಷನ್ನು..."

"ಕರಿಯಣ್ಣ ಹೆಸರು ಹೇಳಿದ. ಪಾಪ, ಚೆನ್ನಾಗಿ ಬಾಯಿಪಾಠ ಮಾಡಿದ್ದ." ಈರಭದ್ರಪ್ಪನವರ ಧ್ವನಿಯಲ್ಲಿ ಸ್ವಲ್ಪವೂ ಅವಸರವಿರಲಿಲ್ಲ. "ಅದು ಯಾವುದೋ ಮಕ್ಕಳ ಕಾಯಿಲೆಗೆ ಕೊಡೋದು ಕಣ್ರೀ. ಇವನಿಗೆ ಹದಿನೆಂಟು ವರ್ಷ, ಸರ್ಟಿಫಿಕೇಟಿಗೆ ಸೈನ್ ಹಾಕಿದೋನೇ ನಾನು. ತುಂಬಾ ಒದ್ದಾಡ್ತಿದ್ದ, ಏನೇನೋ ಬಡಬಡಿಸ್ತಿದ್ದ. ದೊಡ್ಡೋರಿಗೆ ಕೊಡೋ ನಿದ್ದೆ ಇಂಜೆಕ್ಷನ್ ಕೊಟ್ಟು ಮಲಗಿಸಿದೀನಿ. ನೀವೂ ಇವತ್ತೊಂದು ದಿನ ನೆಮ್ಮದಿಯಾಗಿ ಮಲಗಿ."

ಲೈನು ಕಡಿಯಿತು. ಲಕ್ಕಣ್ಣ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ.

"ಏನಂದ್ರಣ್ಣಾ ಡಾಕ್ಟ್ರು?" ದುರ್ಗಮ್ಮ ಮೆಲ್ಲನೆ ಅವನ ತೋಳು ಮುಟ್ಟಿದಳು. "ನನ್ ಮಗ ಏನಾದ್ರೂ ಉಂಡನಂತಾ?"